ಕಚ್ಚುವ ಮೊದಲಿನ ಅರೆ ನಿಮಿಷ

ನಾಯಿ ಕಚ್ಚಿಸಿಕೊಂಡು ಬಂದವರು ಹೇಳುವ ಮೊದಲ ಮಾತು ಸಾಮಾನ್ಯವಾಗಿ ಒಂದೇ. "ನಾನು ಸುಮ್ನೆ ಹೋಗ್ತಾ ಇದ್ದೆ ಸಿಸ್ಟರ್, ಅದೇ ಬಂದು ಕಚ್ಚಿಬಿಡ್ತು." ನೀಲಾಂಬಿಕಾ ಸಿಸ್ಟರ್ ಇದನ್ನು ಒಪ್ಪುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ಕೈಗೆ ಸೋಪು ಕೊಟ್ಟು ಹಿಂದಿನ ನಲ್ಲಿಗೆ ಕಳಿಸುತ್ತಾರೆ. "ಹದಿನೈದು ನಿಮಿಷ ತೊಳೀರಿ. ಗಡಿಯಾರ ನಾ ನೋಡ್ತೀನಿ."

ನಾಗರಬಾವಿಯ ಈ ಆರೋಗ್ಯ ಕೇಂದ್ರದಲ್ಲಿ ಅವರು ಚುಚ್ಚುಮದ್ದಿನ ಕೋಣೆಯ ನರ್ಸ್. ನಾನು ಪಕ್ಕದ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತೇನೆ. ಎರಡು ಕೋಣೆಗಳ ನಡುವೆ ಇರುವುದು ಬರೀ ಪ್ಲೈವುಡ್. ಒಂಬತ್ತು ವರ್ಷದಿಂದ ಅವರ ಮಾತು ಕಿವಿಗೆ ಬೀಳುತ್ತಲೇ ಇದೆ.

ಅವರ ಊರು ರಾಣೆಬೆನ್ನೂರಿನ ಹತ್ತಿರದ ಒಂದು ಹಳ್ಳಿ. ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷವಾಗಿದ್ದರೂ ಮಾತು ಮಾತ್ರ ಆ ಊರಿನದೇ. ನಾಯಿ ಕಡಿತದ ಬಗ್ಗೆ ಇಷ್ಟು ತಿಳಿದವರು ನಾಯಿಪ್ರೇಮಿಯೇ ಇರಬೇಕು ಎಂದು ಜನ ತಿಳಿಯುತ್ತಾರೆ. ನಿಜದಲ್ಲಿ ಅವರಿಗೆ ನಾಯಿ ಎಂದರೆ ಭಯ. ಮಲ್ಲತ್ತಹಳ್ಳಿಯ ಅವರ ಬಾಡಿಗೆ ಮನೆಯಿಂದ ಕೇಂದ್ರಕ್ಕೆ ಹತ್ತು ನಿಮಿಷದ ನೇರ ದಾರಿಯಿದೆ. ಆ ದಾರಿಯಲ್ಲಿ ಏಳು ನಾಯಿಗಳಿರುವುದರಿಂದ ಹದಿನೆಂಟು ನಿಮಿಷದ ಸುತ್ತುದಾರಿಯಲ್ಲಿ ಬರುತ್ತಾರೆ. ನಾಯಿಗಳ ಬಗ್ಗೆ ಅವರು ಕಲಿತದ್ದೆಲ್ಲ ಕಚ್ಚಿಸಿಕೊಂಡವರಿಂದಲೇ.

ಕಲಿಯುವ ವಿಧಾನವೂ ಅವರದೇ. ಕಚ್ಚುವ ಮೊದಲು ನಾಯಿ ಏನು ಮಾಡಿತು ಎಂದು ಬಾಯಿಮಾತಿನಲ್ಲಿ ಕೇಳಿದರೆ ಎಲ್ಲರ ಉತ್ತರ "ಏನೂ ಇಲ್ಲ". ಹಾಗಾಗಿ ಅವರು ಕೇಳುವುದನ್ನು ಬಿಟ್ಟು ಮಾಡಿಸತೊಡಗಿದರು. ಗಾಯ ತೊಳೆದು ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, "ಈಗ ನೀವು ನಾಯಿ ಆಗ್ರಿ. ನಾ ನೀವು ಆಗ್ತೀನಿ," ಎನ್ನುತ್ತಾರೆ.

ಜನ ನಗುತ್ತಾರೆ, ನಾಚುತ್ತಾರೆ, ಒಬ್ಬಿಬ್ಬರು ಸಿಟ್ಟಾಗಿದ್ದೂ ಇದೆ. ಕೊನೆಗೆ ಮಾಡುತ್ತಾರೆ. ಬಸವಕಿರಣ್ ಎಂಬ ಡೆಲಿವರಿ ಹುಡುಗ ಮೀನಖಂಡಕ್ಕೆ ಕಚ್ಚಿಸಿಕೊಂಡು ಬಂದಿದ್ದ. ಅವನದೂ "ಸುಮ್ನೆ ಹೋಗ್ತಿದ್ದೆ" ಎಂಬ ಹೇಳಿಕೆಯೇ. ನಾಯಿಯಾಗು ಎಂದಾಗ ತಲೆ ತಗ್ಗಿಸಿದ, ಮೇಲ್ತುಟಿ ಎತ್ತಿದ, ಭುಜ ಬಿಗಿದು ಅಲ್ಲಾಡದೆ ಕೂತ. ಸಿಸ್ಟರ್ ಬೈಕಿನಲ್ಲಿ ಹೋಗುವವರಂತೆ ಅವನ ಮುಂದೆ ಎರಡು ಹೆಜ್ಜೆ ನಡೆದರು. "ಹಂಗಲ್ಲ ಸಿಸ್ಟರ್, ನೀವು ಕಾಲು ಎತ್ತಿ ಒದೆಯೋ ಥರ ಮಾಡ್ಬೇಕು," ಎಂದ ಬಸವಕಿರಣ್, ಆಮೇಲೆ ತಾನೇ ಬಾಯಿ ಮುಚ್ಚಿಕೊಂಡ. ನಾಲ್ಕು ದಿನದಿಂದ ಅವನು ಅದೇ ನಾಯಿಗೆ ಹಾಗೆ ಮಾಡುತ್ತಿದ್ದ.

"ಇಷ್ಟೆಲ್ಲಾ ಹೇಳಿತಲ್ಲೋ ತಮ್ಮಾ ಅದು. ನೀ ಏನ್ ಕೇಳಿಸ್ಕೊಂಡಿ?" ಎಂದರು ಸಿಸ್ಟರ್, ಸೂಜಿ ಚುಚ್ಚುತ್ತಾ.

ಅವನು ನಾಯಿಯ ತುಟಿ ನೋಡಿದ್ದ, ಭುಜ ನೋಡಿದ್ದ. ನೋಡಿದ್ದು ಮಾತ್ರ ಅವನಿಗೇ ಗೊತ್ತಿರಲಿಲ್ಲ. ಇಂಥದನ್ನು ಗೋಡೆಯಾಚೆಯಿಂದ ಎಷ್ಟೋ ಸಲ ಕೇಳಿದ್ದೇನೆ. ಗಾಜಿನ ಸ್ಲೈಡು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತದ್ದು ಒಂದೇ ಸಲ, ಕೆಂಪಯ್ಯನವರು ಬಂದ ದಿನ.

ಕಳೆದ ಜನವರಿಯ ಒಂದು ಬುಧವಾರ, ಮಧ್ಯಾಹ್ನ ಹನ್ನೆರಡೂವರೆ. ಕೆಂಪಯ್ಯನವರಿಗೆ ಎಪ್ಪತ್ತೊಂದು ವರ್ಷ. ಅವರ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಅವರದೇ ಮೂರು ಮಹಡಿ ಕಟ್ಟಡವಿದೆ. ಮೇಲೆ ಬಾಡಿಗೆಗೆ ಕಾಲೇಜು ಹುಡುಗರು, ಕೆಳಗೆ ಮನೆಯವರು, ಪಾರ್ಕಿಂಗಿನಲ್ಲಿ ಮಣಿ ಎಂಬ ಕೆಂದು ಬಣ್ಣದ ಊರ ನಾಯಿ. ಮಣಿಯ ಹಲ್ಲು ಅವರ ಬಲಗೈಯ ಹೆಬ್ಬೆರಳ ಬುಡದಲ್ಲಿ ಎರಡು ಕಡೆ ಇಳಿದಿತ್ತು. ಕಟ್ಟಿದ್ದ ಟವೆಲ್ ರಕ್ತದಲ್ಲಿ ನೆಂದಿತ್ತು.

ಕರೆತಂದವನು ಮಗ ಭೈರೇಶ್, ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡವನು. ಅಪ್ಪ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ ಹದಿನೈದು ನಿಮಿಷವೂ ಅವನ ಮಾತು ನಿಲ್ಲಲಿಲ್ಲ.

"ಐದು ವರ್ಷ ಅನ್ನ ಹಾಕಿದ ಕೈಗೇ ಬಾಯಿ ಹಾಕಿದೆ ಸಿಸ್ಟರ್. ಮನೇಲಿ ಮೂರು ವರ್ಷದ ಮಗಳು ಸ್ಪಂದನ ಇದಾಳೆ. ಇವತ್ತು ಸಂಜೆನೇ ಗಾಡೀಲಿ ಹಾಕ್ಕೊಂಡು ಮಾಗಡಿ ರೋಡ್ ಕಡೆ ಎಲ್ಲಾದ್ರೂ ಬಿಟ್ಟು ಬರ್ತೀನಿ."

"ಭೈರಾ, ಸ್ವಲ್ಪ ತಾಳೋ," ಎಂದರು ಕೆಂಪಯ್ಯ.

"ಏನಪ್ಪಾ ತಾಳೋದು? ನೀನು ಏನಾದ್ರೂ ಮಾಡಿದ್ಯಾ ಅದಕ್ಕೆ?"

"ನಾನೇನ್ ಮಾಡ್ಲಿ? ಅದು ಊಟ ಮಾಡ್ತಿತ್ತು, ನಾನು ಏನೂ ಮಾಡ್ಲಿಲ್ಲ."

"ನೋಡಿ ಮತ್ತೆ. ಏನೂ ಮಾಡದೆ ಕಚ್ಚೋ ನಾಯಿನ ಹೆಂಗ್ ಇಟ್ಕೊಳ್ಳೋದು?"

ಕೆಂಪಯ್ಯನವರು ಸೋಪಿನ ನೊರೆಯನ್ನೇ ನೋಡುತ್ತಾ ಕೈ ತೊಳೆದರು. ಭೈರೇಶನ ತರ್ಕದಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ಅಪ್ಪ ಕೊಟ್ಟ ಮಾಹಿತಿಯಲ್ಲಿ. ಆ ಮಾಹಿತಿ ಹಾಗೇ ಉಳಿದರೆ ಮಣಿಗೆ ಅಂದು ಸಂಜೆಯವರೆಗೆ ಮಾತ್ರ ಮನೆ.

ಒಳಗೆ ಬಂದ ಮೇಲೆ ಸಿಸ್ಟರ್ ಸ್ಟೂಲ್ ಎಳೆದರು. "ಕುಂದರ್ರಿ ಯಜಮಾನ್ರ. ಈಗ ನೀವು ಮಣಿ. ನಾ ಕೆಂಪಯ್ಯ."

"ಏನ್ರಮ್ಮಾ ಇದು, ಈ ವಯಸ್ನಲ್ಲಿ ನನ್ನ ನಾಯಿ ಮಾಡ್ತೀರಾ?"

"ಒಂದು ನಿಮಿಷದ್ದ್ ಕೆಲಸ ಐತ್ರಿ. ಊಟ ಮಾಡಾಕತ್ತಿತ್ತು ಅಂದ್ರೆಲ್ಲ? ತಗೋರಿ ಊಟ." ಖಾಲಿ ಸ್ಟೀಲ್ ಟ್ರೇ ಒಂದನ್ನು ಅವರ ತೊಡೆಯ ಮೇಲಿಟ್ಟರು.

ಭೈರೇಶ್ ಗೋಡೆಗೆ ಒರಗಿ ಕೈಕಟ್ಟಿ ನಿಂತ. ಕೆಂಪಯ್ಯನವರು ಒಮ್ಮೆ ಮಗನ ಕಡೆ, ಒಮ್ಮೆ ಟ್ರೇ ಕಡೆ ನೋಡಿ, ತಲೆ ತಗ್ಗಿಸಿದರು. ಸಿಸ್ಟರ್ ಹತ್ತಿರ ಬಂದು ನಿಂತರು.

"ಹಂಗಲ್ಲ, ಬಗ್ಗಿ," ಎಂದರು ಕೆಂಪಯ್ಯ, ತಲೆ ಎತ್ತದೆ. "ಬಗ್ಗಿ ತಟ್ಟೆಗೆ ಕೈ ಹಾಕಿ."

"ತಟ್ಟೀಗಿ ಯಾಕ್ರಿ?"

"ಮೂಳೆ ತೆಗೆಯಕ್ಕೆ."

ಸಿಸ್ಟರ್ ಟ್ರೇಗೆ ಕೈ ಹಾಕಿದರು. ಕೆಂಪಯ್ಯನವರ ಕತ್ತು ಬಿಗಿಯಿತು. ಅಗಿಯುವಂತೆ ಆಡುತ್ತಿದ್ದ ದವಡೆ ನಿಂತಿತು. ಕಣ್ಣು ಮಾತ್ರ ಓರೆಯಾಗಿ ಸಿಸ್ಟರ್ ಕೈಯನ್ನು ಹಿಂಬಾಲಿಸಿತು, ಬಿಳಿಗುಡ್ಡೆ ಕಾಣುವಷ್ಟು. ಐದು ವರ್ಷ ಜೊತೆಗಿದ್ದ ಪ್ರಾಣಿಯನ್ನು ಅವರು ಎಷ್ಟು ಚೆನ್ನಾಗಿ ಬಲ್ಲರು ಎಂಬುದು ಆ ಕತ್ತಿನಲ್ಲೇ ಗೊತ್ತಾಗುತ್ತಿತ್ತು.

"ಆಮ್ಯಾಲ ಗುರ್ ಅಂತಾ?"

"ಇಲ್ಲ. ಗುರ್ ಅನ್ನಲ್ಲ ಅದು."

"ಯಾಕ ಅನ್ನಂಗಿಲ್ರಿ? ಎಲ್ಲಾ ನಾಯಿನೂ ಅಂತಾವ."

ಕೆಂಪಯ್ಯನವರು ತಲೆ ಎತ್ತಿದರು. "ನಾನೇ ಬಿಡಿಸಿದೀನಿ. ಮರಿ ಇದ್ದಾಗ ತಟ್ಟೆ ಹತ್ರ ಹೋದ್ರೆ ಗುರ್ ಅಂತಿತ್ತು. ಅಂದಾಗೆಲ್ಲ ಚಪ್ಪಲೀಲಿ ಒಂದು ಕೊಡ್ತಿದ್ದೆ. ಆಮೇಲೆ ಅನ್ನೋದೇ ಬಿಡ್ತು."

 ಸಿಸ್ಟರ್ ಇನ್ನೂ ಬಗ್ಗಿಯೇ ಇದ್ದರು. "ಇವತ್ತ ಮೂಳಿ ಯಾಕ ತಗದ್ರಿ?"

"ಹೊಸ ಹುಡುಗ್ರು ಇಬ್ರು ರೂಮ್ ನೋಡಕ್ಕೆ ಬಂದಿದ್ರು. ನಾಯಿ ಇದೆಯಲ್ಲ ಅಂಕಲ್, ಏನೂ ಮಾಡಲ್ವಾ ಅಂದ್ರು. ಏನೂ ಮಾಡಲ್ಲ, ನೋಡಿ ಅಂತ ತಟ್ಟೆಯಿಂದ ಮೂಳೆ ತೆಗ್ದು ತೋರ್ಸಿ ವಾಪಸ್ ಇಟ್ಟೆ. ಬಾಡಿಗೆಗೆ ಬಂದೋರಿಗೆಲ್ಲ ತೋರಿಸ್ತೀನಿ."

"ಆಗ ಕಚ್ಚಿತಾ?"

"ಆಗ ಇಲ್ಲ." ಕೆಂಪಯ್ಯನವರು ತಡೆದು ಹೇಳಿದರು. "ಅವರಲ್ಲಿ ಒಬ್ಬ ಮೊಬೈಲ್ ನೋಡ್ತಾ ಇದ್ದ. ಅವನಿಗೆ ಕಾಣ್ಲಿಲ್ಲ ಅಂತ ಇನ್ನೊಂದ್ಸಲ ತೆಗ್ದೆ."

ಭೈರೇಶ್ ನಕ್ಕುಬಿಟ್ಟ. ನಗಬಾರದೆಂದು ಇದ್ದವನ ನಗು. "ಅಪ್ಪಾ! ಮೊಬೈಲ್ ನೋಡೋನಿಗೆ ಎರಡನೇ ಶೋ ಹಾಕಿದ್ಯಾ ನೀನು?"

"ನಾನೇ ಕೆಣಕಿದ್ದು ಕಣೋ," ಎಂದರು ಕೆಂಪಯ್ಯ. ಮಗನ ಮುಖ ನೋಡಿಯೇ ಹೇಳಿದರು. "ಅದರ ತಪ್ಪಿಲ್ಲ. ಬಿಟ್ಟು ಬರಬೇಡ."

ಭೈರೇಶನ ನಗು ನಿಂತಿತು. "ಸರಿ, ಇವತ್ತು ನೀನು ಕೆಣಕಿದೆ. ನಾಳೆ ಸ್ಪಂದನ ಕೈ ಹಾಕಿದ್ರೆ? ಅವಳಿಗೇನ್ ಗೊತ್ತಾಗತ್ತೆ?"

 ಸಿಸ್ಟರ್ ಹುಚ್ಚುನಾಯಿ ರೋಗ ತಡೆಯುವ ಸೀರಂ ಬಾಟಲಿ ಕೈಗೆತ್ತಿಕೊಂಡರು.

"ಒಂದು ಮಾತ ಹೇಳ್ತೀನಿ ಕೇಳ್ರಿ ಭೈರೇಶವ್ರ. ಹತ್ತು ದಿನ ಆ ನಾಯಿ ನಮ್ಮ ಕಣ್ಮುಂದ ಇರಬೇಕ್ರಿ. ಅದು ಚೊಲೋ ಇದ್ರ ನಿಮ್ಮ ಅಪ್ಪಾರಿಗೂ ಧೈರ್ಯ. ಬಿಟ್ಟು ಬಂದ್ರ ಯಾರನ್ನ ನೋಡೋಣು? ಕೂಸಿನ್ನ ಹತ್ರ ಬಿಡಬ್ಯಾಡ್ರಿ. ಹತ್ತು ದಿನದ ಮ್ಯಾಲ ನೀವು ಏನರ ಮಾಡ್ಕೋರಿ."

"ಹತ್ತೇ ದಿನ," ಎಂದ ಭೈರೇಶ್.

ಗಾಯದ ಸುತ್ತ ಸೀರಂ ಚುಚ್ಚುವಾಗ ಕಟ್ಟುಮಸ್ತಾದ ಹುಡುಗರೂ ಕೂಗುತ್ತಾರೆ. ಕೆಂಪಯ್ಯನವರು ಕೂಗಲಿಲ್ಲ. "ಹತ್ತು ದಿನದಲ್ಲಿ ಕಲಿಸಿದ್ದನ್ನ ಮರೆಸಕ್ಕಾಗತ್ತಾ ಸಿಸ್ಟರ್?" ಎಂದು ಮಾತ್ರ ಕೇಳಿದರು.

"ನನಗ ನಾಯಿ ಸಾಕಿ ಗೊತ್ತಿಲ್ರಿ. ಆದ್ರ ಹೊಡಿಯೂದ ಬಿಡ್ರಿ, ತಟ್ಟಿಗಿ ಕೈ ಹಾಕೂದ ಬಿಡ್ರಿ. ಅಷ್ಟ ಮಾಡಿ ನೋಡ್ರಿ."

ಮೂರನೇ ದಿನದ ಇಂಜೆಕ್ಷನ್‌ಗೆ ಅವರು ಒಬ್ಬರೇ ಬಂದರು. ತಟ್ಟೆ ಇಟ್ಟು ನಾಲ್ಕು ಟೈಲ್ಸ್ ದೂರ ನಿಲ್ಲುತ್ತಿದ್ದಾರಂತೆ. ಎರಡು ಅಡಿಯ ಟೈಲ್ಸು, ಎಂದರೆ ಎಂಟು ಅಡಿ. ಮಣಿ ಈಗಲೂ ಓರೆಗಣ್ಣಿನಲ್ಲಿ ನೋಡುತ್ತಲೇ ಗಬಗಬ ತಿನ್ನುತ್ತದೆ. ಏಳನೇ ದಿನ ಬಂದಾಗ, ತಿನ್ನುವ ವೇಗ ಕಡಿಮೆಯಾಗಿದೆ ಎಂದರು. ಎಷ್ಟು ಕಡಿಮೆ ಎಂದು ನಾನು ಗೋಡೆಯಾಚೆಯಿಂದ ಕೇಳಿದೆ. "ಮೊದ್ಲು ಒಂದು ನಿಮಿಷ, ಈಗ ಎರಡು," ಎಂಬ ಉತ್ತರ ಬಂತು. ಅವರು ಗಡಿಯಾರ ಇಟ್ಟುಕೊಂಡೇ ನೋಡಿದ್ದರು.

ಹತ್ತು ದಿನ ಕಳೆಯಿತು. ಮಣಿ ಆರೋಗ್ಯವಾಗಿದೆ ಎಂದು ಕೆಂಪಯ್ಯನವರ ಫೋನ್ ಬಂತು. ಅದಾದ ಮೇಲೆ ಭೈರೇಶ್ ಏನು ಮಾಡಿದ ಎಂದು ನಮಗೆ ಗೊತ್ತಾಗಲಿಲ್ಲ. ಹನ್ನೊಂದನೇ ದಿನ ಸಿಸ್ಟರ್ ಎರಡು ಸಲ ಗೇಟಿನ ಕಡೆ ನೋಡಿದರು.

ಇಪ್ಪತ್ತೆಂಟನೇ ದಿನ, ಕೊನೆಯ ಇಂಜೆಕ್ಷನ್‌ಗೆ, ಅಪ್ಪ ಮಗ ಇಬ್ಬರೂ ಬಂದರು. ಬಾಗಿಲಲ್ಲೇ ಕೆಂಪಯ್ಯನವರು, "ಸಿಸ್ಟರ್, ಗುರ್ ಅಂತು!" ಎಂದರು. ಮೊಮ್ಮಗಳು ಮೊದಲ ಸಲ ತಾತ ಅಂದಾಗಲೂ ಅವರ ಮುಖ ಹಾಗೇ ಇದ್ದಿರಬೇಕು.

"ಯಾರಿಗ್ರಿ?"

ಹೇಳಿದವನು ಭೈರೇಶ್. "ಭಾನುವಾರ ಮಗು ನಮ್ಮ ಕಣ್ತಪ್ಪಿಸಿ ಪಾರ್ಕಿಂಗಿಗೆ ಓಡಿಬಿಡ್ತು ಸಿಸ್ಟರ್. ಮಣಿ ತಿಂತಾ ಇತ್ತು. ಮಗು ಇನ್ನೂ ಮೂರು ಟೈಲ್ಸ್ ದೂರ ಇದೆ, ಅಷ್ಟರಲ್ಲಿ ಗುರ್ರ್ ಅಂತು. ಅದು ಮರಿ ಇದ್ದಾಗಿಂದ ಆ ಸೌಂಡ್ ಕೇಳಿರಲಿಲ್ಲ ನಾನು. ಓಡಿಹೋಗಿ ಎತ್ಕೊಂಡೆ. ಅಷ್ಟೇ, ಮಣಿ ತನ್ನ ಪಾಡಿಗೆ ತಿನ್ನಕ್ಕೆ ಶುರು ಮಾಡ್ತು."

"ನಾನು ಅಭ್ಯಾಸದಲ್ಲಿ ಚಪ್ಪಲಿ ಎತ್ತಿದ್ದೆ," ಎಂದರು ಕೆಂಪಯ್ಯ. "ಆಮೇಲೆ ಕೆಳಗಿಟ್ಟು, ಆಯ್ತು ಕಣೋ, ಗೊತ್ತಾಯ್ತು ಅಂದೆ."

ಬಿಡಿಸಿದ ಗುರುಗುಟ್ಟುವಿಕೆ ಎಲ್ಲ ನಾಯಿಗೂ ಮರಳಿ ಬರುತ್ತದೆಂದು ಹೇಳಲಾಗದು. ಮಣಿಗೆ ಬಂತು. ಬರದಿದ್ದರೆ ಭೈರೇಶ್ ಏನು ಮಾಡುತ್ತಿದ್ದನೋ ಗೊತ್ತಿಲ್ಲ.

ಸಿಸ್ಟರ್ ಎರಡೂ ತೋಳಿಗೆ ಸೂಜಿ ಹಾಕಿ ಹತ್ತಿ ಒತ್ತಿದರು. ಭೈರೇಶ್ ಜೇಬಿನಿಂದ ಒಂದು ಚೀಟಿ ತೆಗೆದ. ಮಣಿ ಊಟ ಮಾಡುವ ಮೂಲೆಗೆ ಒಂದು ಪುಟ್ಟ ಗ್ರಿಲ್ ಗೇಟ್ ಮಾಡಿಸುತ್ತಿದ್ದಾನಂತೆ. ವೆಲ್ಡಿಂಗ್‌ನವನು ಎತ್ತರ ಎಷ್ಟು ಎಂದು ಕೇಳಿದ್ದಾನೆ.

"ನಿಮ್ಮ ಕೂಸು ಎಷ್ಟ ಎತ್ತರ ಐತ್ರಿ?" ಎಂದು ಕೇಳಿದರು ಸಿಸ್ಟರ್.

ಕೆಂಪಯ್ಯನವರು ಎದ್ದು ನಿಂತು ಹೊಟ್ಟೆಯ ಮಟ್ಟಕ್ಕೆ ಕೈ ಚಾಚಿದರು. ಭೈರೇಶ್ ಆ ಕೈಯನ್ನು ಹಿಡಿದು ಎರಡು ಬೆರಳಷ್ಟು ಮೇಲೆತ್ತಿದ. "ಬೆಳೆದಿದಾಳೆ ಕಣಪ್ಪಾ."

"ಅದಕಿಂತ ಇನ್ನೊಂದು ಗೇಣು ಮ್ಯಾಲ ಮಾಡಸ್ರಿ," ಎಂದು ಸಿಸ್ಟರ್ ಚೀಟಿಯ ಮೇಲೆ ಅಳತೆ ಬರೆದುಕೊಟ್ಟರು.