ದಾರಿಯ ಮೇಲೆ ಒಂದು ಹಿಡಿ ರಾಗಿ

ಮಬ್ಬು ಹರಿಯುವ ಹೊತ್ತು. ತೂಬಗೆರೆ ಕಡೆಯ ಹೊಲಗಳ ಮೇಲೆ ಮಂಜು ಕೆನೆಗಟ್ಟಿದೆ, ನಂದಿಬೆಟ್ಟ ಅದರೊಳಗೆ ಎಲ್ಲೋ ಕರಗಿಹೋಗಿದೆ. ಮೊದಲು ಎತ್ತುಗಳ ಉಸಿರು ಕೇಳಿಸುತ್ತದೆ, ಆಮೇಲೆ ಬಿತ್ತುವ ಕೂರಿಗೆ ಕಾಣುತ್ತದೆ. ಅದರ ಪಕ್ಕದಲ್ಲಿ ಮಡಿಲ ತುಂಬ ರಾಗಿ ಕಟ್ಟಿಕೊಂಡು ಜಪಮಾಲೆಮ್ಮ ನಡೆದು ಬರುತ್ತಾರೆ. ಹಿಡಿಯೊಳಗಿನ ಬೀಜ ಬೆರಳ ಸಂದಿಯಿಂದ ಕೂರಿಗೆಯ ಬಟ್ಟಲಿಗೆ ಸುರಿಯುತ್ತಿದೆ. ಬಿದಿರಿನ ಕೊಳವೆಗಳಲ್ಲಿಳಿದು ಸದ್ದಿಲ್ಲದೆ ಮಣ್ಣು ಸೇರುತ್ತಿದೆ.

ಕೂರಿಗೆ ಹಿಡಿಯುವವರು ಊರಿಗೆ ಹತ್ತು ಜನ ಸಿಗುತ್ತಾರೆ, ಬೀಜ ಬಿಡುವ ಕೈ ಸಿಗುವುದು ಕಷ್ಟ. ಕೈ ಒಂದು ಗಳಿಗೆ ಮರೆತರೆ ಸಾಲಿನಲ್ಲಿ ಬೋಳು ಬೀಳುತ್ತದೆ, ಸುಗ್ಗಿಯವರೆಗೂ ಊರೆಲ್ಲ ಅದನ್ನು ನೋಡಿ ನಗುತ್ತದೆ. ಅದಕ್ಕೇ ಮಳೆ ಬಿದ್ದ ಮರುದಿನ ಜಪಮಾಲೆಮ್ಮನ ಬಾಗಿಲಲ್ಲಿ ಜನ. ಕೂಲಿಯೆಂದರೆ ಹೊತ್ತು ಮುಳುಗುವಾಗ ಮಡಿಲಿಗೆ ಬೀಳುವಷ್ಟು ರಾಗಿ.

"ಈಯಮ್ಮ ಮಾತಾಡ್ತಾ ಮಾತಾಡ್ತಾ ಬಿತ್ತಿದ್ರೂ ಸಾಲು ತಪ್ಪಲ್ಲ. ಮಾತು ಮಾತ್ರ ಎಲ್ಲೆಲ್ಲೋ ಹೋಗ್ತದೆ," ಎಂದು ಕೂರಿಗೆ ಹಿಡಿದ ಪಿಳ್ಳಣ್ಣ ಕೆಣಕುತ್ತಾನೆ.

"ನೀನು ಎತ್ತು ನೋಡ್ಕೊಂಡು ನಡಿಯೋ. ಮಾತು ನಂದು," ಎನ್ನುತ್ತಾರೆ ಜಪಮಾಲೆಮ್ಮ.

ಅವರಿಗೆ ಅಕ್ಷರ ಬಾರದು. ಸೊಸೆ ಲೂರ್ದಮ್ಮನಿಗೆ ಬರುತ್ತದೆ. ಮದುವೆಯಲ್ಲಿ ಚರ್ಚಿನ ಸ್ವಾಮಿಗಳು ಕೊಟ್ಟ, ಯೇಸುವಿನ ಕತೆಯಿರುವ ಸುವಿಶೇಷದ ಪುಸ್ತಕ ಅವಳ ಜೊತೆಗೇ ಈ ಮನೆಗೆ ಬಂತು. ಮಹಾಯುದ್ಧ ಮುಗಿದರೂ ಸೀಮೆಎಣ್ಣೆಗೆ ರೇಷನ್ ಚೀಟಿ ಹಿಡಿದು ನಿಲ್ಲುವ ಕಾಲ. ದೀಪ ಹಚ್ಚಿ ಓದುವುದು ಎಲ್ಲಿಂದ ಬರಬೇಕು? ಒಲೆ ಹೊತ್ತಿಸಿದಾಗ ಆ ಬೆಳಕಿನಲ್ಲೇ ಅವಳು ಓದುತ್ತಾಳೆ. ಹಿಟ್ಟಿಗೆ ಎಸರು ಕುದಿಯುವಷ್ಟು ಹೊತ್ತು ಜಪಮಾಲೆಮ್ಮ, ಅಜ್ಜಿಕತೆಗೆ ಕೂತ ಮಗುವಿನ ಹಾಗೆ ಮೊಣಕಾಲು ತಬ್ಬಿ ಕೇಳುತ್ತಾರೆ.

ಹೋದ ವರ್ಷ ಬಿತ್ತನೆಯ ಕಾಲದಲ್ಲಿ ಓದಿನಲ್ಲಿ ಬಿತ್ತುವವನ ಕತೆ ಬಂತು. ಅವನ ಬೀಜ ದಾರಿಯಲ್ಲಿ ಬಿತ್ತಂತೆ, ಬಂಡೆಯ ಮೇಲೆ ಬಿತ್ತಂತೆ, ಮುಳ್ಳಿನಲ್ಲೂ ಬಿತ್ತಂತೆ. ಗೋಡೆಗೊರಗಿದ್ದ ಯಜಮಾನರು ಚೌರಪ್ಪ ನೆಟ್ಟಗೆ ಕೂತರು.

"ಅವನಿಗೆ ಕೂರಿಗೆ ಇರ್ಲಿಲ್ವಾ? ಇದೆಂಥಾ ಬಿತ್ತನೆ?"

"ಯೇಸುಸ್ವಾಮಿ ಹೇಳಿದ್ದು ಮಾವ," ಎಂದಳು ಸೊಸೆ ಮೆಲ್ಲಗೆ.

ಎಸರು ಕುದಿಯಿತು, ಕತೆ ಅಷ್ಟಕ್ಕೇ ನಿಂತಿತು. ಜಪಮಾಲೆಮ್ಮನೊಳಗೆ ಮಾತ್ರ ನಿಲ್ಲಲಿಲ್ಲ. ತಮ್ಮದೇ ತುಂಡು ಹೊಲ ಬಿತ್ತುವ ದಿನ, ಯಾರೂ ನೋಡುತ್ತಿಲ್ಲವೆಂದುಕೊಂಡು, ಒಂದು ಹಿಡಿ ರಾಗಿಯನ್ನು ಗಾಡಿದಾರಿಗೂ ಹೊಲದಂಚಿನ ಅರೆಕಲ್ಲ ಬಂಡೆಗೂ ಬೇಲಿಯ ಮುಳ್ಳಿಗೂ ಎರಚಿಬಿಟ್ಟರು.

"ಏನಾಗ್ತದೋ ನೋಡೋಣ ಅಂತ. ಅದನ್ನ ಕೇಳೋಕೆ ಸ್ವಾಮಿಗಳ ಹತ್ರ ಹೋಗ್ಬೇಕಾ? ಬೀಜ ಕೈಯಲ್ಲೇ ಇತ್ತಲ್ಲ," ಎಂದು ಈಗ ನೆನೆಯುತ್ತಾರೆ ಜಪಮಾಲೆಮ್ಮ.

ಚೌರಪ್ಪ ನೋಡಿಬಿಟ್ಟರು. ರಾಗಿಯನ್ನು ಕಾಳು ಕಾಳಾಗಿ ಕಾಯುವ ವರ್ಷ ಅದು. ಅವರು ಬೈಯಲಿಲ್ಲ. ಮನೆಗೆ ಬಂದು ಪುಸ್ತಕವನ್ನು ಪೆಟ್ಟಿಗೆಯೊಳಗಿಟ್ಟು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. "ಓದೋದು ಸ್ವಾಮಿಗಳ ಕೆಲ್ಸ. ನಮಗೆ ಜಪಸರ ಸಾಕು."

ಬೆಳಗಿನ ಒಲೆ ಬರೀ ಒಲೆಯಾಯಿತು. ಜಪ ನಡೆಯುತ್ತಿತ್ತು, ಕತೆಯಿರಲಿಲ್ಲ. ಅರ್ಧಕ್ಕೆ ನಿಂತ ಆ ಬಿತ್ತುವವನು ಜಪಮಾಲೆಮ್ಮನ ಕನಸಿನಲ್ಲಿ ಬರಿಗೈ ಬೀಸುತ್ತ ನಡೆಯುತ್ತಲೇ ಇದ್ದ. "ಪುಸ್ತಕ ಇನ್ನು ತೆಗೆಯೋದೇ ಇಲ್ವೇನೋ ಅಂತ ಹೆದರ್ಕೊಂಡೆ. ಗಂಡನ್ನ ಕೇಳೋಕೂ ಬಾಯಿ ಬರ್ಲಿಲ್ಲ, ತಪ್ಪು ನಂದೇ ಅಲ್ವಾ."

ದಾರಿಯದನ್ನು ಗುಬ್ಬಿ ತಿಂದಿತು. ಅರೆಕಲ್ಲಿನದು ಮೊಳೆತು ಒಣಗಿತು. ಮುಳ್ಳಿನದನ್ನು ಬೇಲಿ ನುಂಗಿತು. ಗಾಡಿಯ ಜಾಡಿನ ಅಂಚಿನಲ್ಲಿ ಮಾತ್ರ ಅದು ಹೇಗೋ ಮೂರು ಪೈರು ಎದ್ದು ನಿಂತವು. ಒಂದು ಮಧ್ಯಾಹ್ನ ಗೊಬ್ಬರದ ಗಾಡಿ ಹೊಡೆದುಕೊಂಡು ಬಂದ ಚೌರಪ್ಪ ಅಲ್ಲಿ ಇಳಿದು, ಎತ್ತಿನ ಮೂಗುದಾರ ಹಿಡಿದು, ಗಾಡಿಯನ್ನು ಪೈರಿನ ಪಕ್ಕಕ್ಕೆ ಸರಿಸಿ ದಾಟಿಸಿದರು. ಕಳೆ ಕೀಳುತ್ತಿದ್ದ ಜಪಮಾಲೆಮ್ಮ ತಲೆಯೆತ್ತಲಿಲ್ಲ. ನೋಡಿದ್ದು ಗೊತ್ತಾದರೆ ಅವರು ನಾಚಿಕೊಂಡಾರು.

ಮರುದಿನ ಬೆಳಗ್ಗೆ ಪೆಟ್ಟಿಗೆ ತೆರೆದ ಸದ್ದು. "ಲೂರ್ದಮ್ಮ, ಆ ಬಿತ್ತೋನಿಗೆ ಕೊನೆಗೆ ಏನು ಸಿಕ್ತು ಅಂತ ಓದಮ್ಮ," ಎಂದರು ಚೌರಪ್ಪ.

ಒಳ್ಳೆಯ ನೆಲಕ್ಕೆ ಬಿದ್ದದ್ದು ಮೂವತ್ತು, ಅರವತ್ತು, ನೂರರಷ್ಟು ಕೊಟ್ಟಿತೆಂದು ಅವಳು ಓದಿದಳು.

ಚೌರಪ್ಪ ಯೋಚಿಸಿದರು. "ನೂರೇನಾ? ರಾಗಿಗೆ ಅದು ಕಮ್ಮಿ."

"ಅವರ ಊರಲ್ಲಿ ರಾಗಿ ಇರ್ಲಿಲ್ವೇನೋ, ಪಾಪ," ಎಂದರು ಜಪಮಾಲೆಮ್ಮ. ಮೂವರೂ ನಕ್ಕರು, ಎಸರು ಉಕ್ಕಿ ಒಲೆಗೆ ಬಿತ್ತು.

ಅಂದಿನಿಂದ ಓದು ತಪ್ಪಿಲ್ಲ. ಅರ್ಥವಾಗದ ಕಡೆ ಮೂವರೂ ಜಗಳವಾಡುತ್ತಾರೆ, ಇತ್ಯರ್ಥವಾಗದ್ದು ಸ್ವಾಮಿಗಳು ಊರಿಗೆ ಬರುವ ಭಾನುವಾರಕ್ಕೆ ಕಾಯುತ್ತದೆ. ಬಿತ್ತುವವನ ಬಗ್ಗೆ ಮಾತ್ರ ಜಪಮಾಲೆಮ್ಮ ಯಾರನ್ನೂ ಕೇಳಿಲ್ಲ. "ನಾವು ಬೆಳೆ ಬರೋ ಕಡೆ ಮಾತ್ರ ಬಿತ್ತೋರು. ಅವನು ಬಂಡೆನೂ ಬಿಡ್ಲಿಲ್ಲ. ನಮ್ಮನೇಲೂ ಒಂದು ಬಂಡೆ ಇತ್ತಲ್ಲ," ಎಂದು ಗಂಡನತ್ತ ಕಣ್ಣು ಹಾಯಿಸುತ್ತಾರೆ.

ಆಸೆಯೇನೆಂದು ಕೇಳಿದರೆ ಮಡಿಲ ರಾಗಿಯನ್ನು ಬೆರಳಿಂದ ಆಡಿಸುತ್ತಾರೆ. "ಸೊಸೆಗೆ ಈಗ ತಿಂಗಳು ತುಂಬ್ತಾ ಇದೆ. ಮಗು ಅತ್ರೆ ಓದು ನಿಲ್ತದೆ. ಎತ್ಕೊಂಡು ಆಡ್ಸೋಕೆ ನಾನಿದೀನಿ, ಅವಳು ಓದ್ತಾ ಇರ್ಲಿ. ಕೊನೇ ಹಾಳೆವರೆಗೂ ಕೇಳ್ಬೇಕು ನಾನು."