ಹಿಡಿಯೊಳಗಿನ ತುಕ್ಕು

ಕತ್ತಿ ನೋಡುವುದನ್ನೂ ಕಲಿಯಬೇಕೇ ಎಂದು ನನ್ನ ಹೆಂಡತಿ ಮೊದಲ ದಿನವೇ ನಕ್ಕಿದ್ದಳು. ನಗದೆ ಇನ್ನೇನು? ತಿಂಗಳಿಗೊಂದು ಶನಿವಾರ ನಾವಿರುವ ಅರೋರಾದಿಂದ ಡೆಟ್ರಾಯಿಟ್ ಹತ್ತಿರದ ಒಂದೂರಿಗೆ ಐದು ಗಂಟೆ ಡ್ರೈವ್ ಮಾಡಿಕೊಂಡು ಹೋಗುವುದು, ಹಳೆಯ ಜಪಾನಿ ಕತ್ತಿ ಯಾವ ಕಾಲದ್ದೆಂದು ತಪ್ಪು ತಪ್ಪಾಗಿ ಹೇಳುವುದು, ಮತ್ತೆ ಐದು ಗಂಟೆ ವಾಪಸ್ಸು ಬರುವುದು. ಓಕ್ ಬ್ರೂಕಿನ ಆಫೀಸಿನಲ್ಲಿ ಇಪ್ಪತ್ತು ವರ್ಷ ಸ್ಕ್ರೀನ್ ನೋಡಿದ ಕಣ್ಣಿಗೆ ಬೇರೆ ಏನಾದರೂ ಬೇಕಾಗಿತ್ತು, ಅಷ್ಟೇ.

ಕಲಿಸುವವರು ಕಾರ್ ಫ್ಯಾಕ್ಟರಿಯಲ್ಲಿ ಅಚ್ಚು ಮಾಡಿ ನಿವೃತ್ತರಾದ ಒಬ್ಬ ಮುದುಕರು. ಉಕ್ಕೆಂದರೆ ಅವರಿಗೆ ಪ್ರಾಣ. ಕತ್ತಿಯ ಬುಡ, ಅಂದರೆ ಹಿಡಿಯೊಳಗೆ ಸೇರಿಕೊಳ್ಳುವ ಭಾಗ, ಅದಕ್ಕೆ ಬಟ್ಟೆ ಸುತ್ತಿಯೇ ನಮ್ಮ ಕೈಗೆ ಕೊಡುತ್ತಿದ್ದರು. ಮಾಡಿದವನ ಸಹಿ ಇರುವುದು ಅಲ್ಲೇ. ಅದನ್ನು ನೋಡದೆ ಅಲಗಿನ ಬಾಗು, ಅಂಚಿನುದ್ದಕ್ಕೂ ಓಡುವ ಬಿಳಿ ಗೆರೆ ಇಷ್ಟರಿಂದಲೇ ಕಾಲ ಹೇಳಬೇಕು. ಒಮ್ಮೆ ನಾನು ಮುನ್ನೂರು ವರ್ಷ ಆಚೀಚೆ ಮಾಡಿಬಿಟ್ಟೆ. "ಮೊದಲು ನಿನ್ನ ಕಣ್ಣು ತೆರೀಲಿ, ಬುಡದ ಪಾಠ ಆಮೇಲೆ" ಎಂದರು. ಹೀಗಾಗಿ ವರ್ಷವಾದರೂ ನನಗೆ ಬಾಯಿಪಾಠವಾಗಿದ್ದದ್ದು ಒಂದೇ ನಿಯಮ: ಅಲಗನ್ನು ಬರಿಗೈಯಲ್ಲಿ ಮುಟ್ಟಬಾರದು.

ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಮೆರಿಕನ್ ಅಜ್ಜಿಯೊಬ್ಬರಿದ್ದಾರೆ. ನನ್ನ ಈ ಹುಚ್ಚು ಅವರ ಕಿವಿಗೆ ಬಿದ್ದಿತ್ತು. ಸೆಪ್ಟೆಂಬರಿನಲ್ಲಿ ಒಂದು ದಿನ ಹಳೆಯ ಟವೆಲಿನಲ್ಲಿ ಸುತ್ತಿದ ಕತ್ತಿ ತಂದು ನನ್ನ ಕೈಗಿಟ್ಟರು. ಎರಡನೇ ಮಹಾಯುದ್ಧ ಮುಗಿದಾಗ ಶರಣಾದ ಜಪಾನಿಯರ ಕತ್ತಿಗಳ ರಾಶಿಯಿಂದ ಅವರಪ್ಪ ಎತ್ತಿಕೊಂಡು ಬಂದದ್ದಂತೆ. ಮುದುಕನಾದ ಮೇಲೆ ಆ ಮನುಷ್ಯನಿಗೆ ಅದೇ ಕೊರಗು. "ಯಾರದೋ ಮನೆಯದು, ವಾಪಸ್ಸು ಕೊಡು ಅಂತ ಹೇಳಿ ಸತ್ತರು" ಎಂದರು ಅಜ್ಜಿ. "ಯಾರ ಮನೆಯದು ಅಂತ ನೀನು ಕಂಡುಹಿಡಿ. ನಾನು ಹೋಗೋದರೊಳಗೆ ಅವರಿಗೆ ಮುಟ್ಟಿಸಬೇಕು." ನಾನು ದೊಡ್ಡ ಪಂಡಿತನ ಹಾಗೆ ತಲೆಯಾಡಿಸಿದೆ. ಗುರುಗಳಿಗೆ ತೋರಿಸಿದರಾಯಿತು ಎಂದುಕೊಂಡೆ.

ಮುಂದಿನ ಕ್ಲಾಸಿಗೆ ಮೊದಲು ಆಯುಧ ಪೂಜೆ ಬಂತು. ನಮ್ಮ ಮನೆಯಲ್ಲಿ ಪ್ರತಿ ವರ್ಷ ಪೂಜೆ ಗ್ಯಾರೇಜಿನಲ್ಲೇ. ಎರಡು ಕಾರು, ಹುಲ್ಲು ಕತ್ತರಿಸುವ ಮೆಷಿನ್ನು, ಹಿಮ ತೆಗೆಯುವ ಸಲಿಕೆ, ಲ್ಯಾಪ್‌ಟಾಪು ಎಲ್ಲಕ್ಕೂ ಕುಂಕುಮ. ಆ ವರ್ಷ ಮನೆಯಲ್ಲಿ ನಿಜವಾದ ಆಯುಧವೇ ಇದೆ, ಬಿಡುವುದುಂಟೇ! ಹುರುಪಿನಲ್ಲಿ, ಹಿಡಿಯನ್ನು ಬುಡಕ್ಕೆ ಬಿಗಿದಿದ್ದ ಬಿದಿರಿನ ಗೂಟ ತಳ್ಳಿ ಹಿಡಿ ಬಿಚ್ಚಿದೆ. ಬುಡವೆಲ್ಲ ಕಪ್ಪು ತುಕ್ಕು, ನಡುವೆ ಅಲ್ಲಲ್ಲಿ ಕೆಂಪು.

"ಏನ್ರೀ ಇದು, ತುಕ್ಕು ಹಿಡಿದಿರೋದನ್ನ ಹಾಗೇ ದೇವರ ಮುಂದೆ ಇಡ್ತೀರಾ?" ಎಂದಳು ಹೆಂಡತಿ.

"ಅಲಗು ಮುಟ್ಟಬಾರದು ಕಣೇ. ಬುಡ ತೊಳೆದ್ರೆ ಏನಾಗಲ್ಲ" ಎಂದೆ. ಅಲಗಿಗೆ ಬಟ್ಟೆ ಸುತ್ತಿ, ಹಿತ್ತಾಳೆ ದೀಪಕ್ಕೆಂದು ನೆನೆಹಾಕಿದ್ದ ಹುಣಸೆಹಣ್ಣನ್ನೇ ತೆಗೆದುಕೊಂಡು ಅರ್ಧ ಗಂಟೆ ತಿಕ್ಕಿದೆ. ಸ್ಟೀಲ್ ನಾರೂ ಹಾಕಿದೆ. ಬುಡ ಪಳಪಳ ಹೊಳೆಯಿತು. ಮಗಳನ್ನು ಕರೆದು ತೋರಿಸಿದೆ. ಅವಳು "ವಾವ್, ಬ್ರ್ಯಾಂಡ್ ನ್ಯೂ!" ಎಂದಾಗ ಎದೆ ಉಬ್ಬಿತು, ನನ್ನ ಕರ್ಮ.

ಶನಿವಾರ ಕ್ಲಾಸಿನಲ್ಲಿ ಗುರುಗಳು ಹಿಡಿ ಬಿಚ್ಚಿದರು. ಕುರ್ಚಿಯ ಮೇಲೆ ಕುಸಿದು ಕೂತರು. ಬುಡದ ತುಕ್ಕನ್ನು ಯಾರೂ ಮುಟ್ಟುವುದಿಲ್ಲವಂತೆ. ಅದರ ಬಣ್ಣ ನೋಡಿಯೇ ಕತ್ತಿಯ ವಯಸ್ಸು ಹೇಳುವುದಂತೆ. ಹಬ್ಬ, ಪೂಜೆ, ಹುಣಸೆಹಣ್ಣು ಎಂದು ತೊದಲಿದೆ. ಅವರು ಬುಡವನ್ನು ಲೆನ್ಸಿನ ಕೆಳಗೆ ಹಿಡಿದರು.

"ತಿಕ್ಕುವಾಗ ಕೆಂಪು ಬಣ್ಣ ಏನಾದರೂ ಬಿಟ್ಟಿತಾ?"

"ತುಕ್ಕು ಬಿಟ್ಟಿತು. ನೀರೆಲ್ಲ ಕೆಂಪಾಗಿತ್ತು" ಎಂದೆ.

ಲೆನ್ಸು ನನ್ನ ಕೈಗೆ ಕೊಟ್ಟರು. ಗೂಟದ ತೂತಿನ ಪಕ್ಕದ ಒಂದು ಗುಳಿಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಉಳಿದಿತ್ತು. ತುಕ್ಕಲ್ಲ, ಅರಗು. ಕತ್ತಿಯ ಒಡೆಯರು ಕೆಲವರು ತಮ್ಮ ಹೆಸರನ್ನು ಬುಡದ ಮೇಲೆ ಕೆಂಪು ಅರಗಿನಲ್ಲಿ ಬರೆಸಿಡುತ್ತಿದ್ದರಂತೆ. ಇದರ ಮೇಲೂ ಬರೆಸಿದ್ದರು ಎಂದರು ಗುರುಗಳು. ಫೋಟೋ ಇದೆಯಾ ಎಂದು ಕೇಳಿದರು. ಅಲಗಿನ ಫೋಟೋ ನನ್ನ ಫೋನಿನಲ್ಲಿ ನಲವತ್ತಿದ್ದವು. ಬುಡದ್ದು ಒಂದೂ ಇಲ್ಲ. ಉಳಿದ ಕಲೆಯಿಂದ ಏನಾದರೂ ಓದಲಾಗುತ್ತದೆಯೇ ಎಂದು ಅಂಗಲಾಚಿದೆ. "ಇಲ್ಲ, ಅಷ್ಟು ಚೆನ್ನಾಗಿ ತಿಕ್ಕಿದೀಯ" ಎಂದರು. ಕೋಪ ಮಾಡಿಕೊಂಡು ಹೇಳಿದ್ದಲ್ಲ ಅದು, ಅದಕ್ಕೇ ತಡೆಯಲಾಗಲಿಲ್ಲ.

ವಾಪಸ್ಸು ಬರುವಾಗ ಎಕ್ಸಿಟ್ ತಪ್ಪಿಸಿಕೊಂಡು ಇಪ್ಪತ್ತು ಮೈಲಿ ಮುಂದೆ ಹೋದೆ. ಸುಳ್ಳು ಹೇಳಿಬಿಡೋಣ, ಹೆಸರೇ ಇರಲಿಲ್ಲವಂತೆ ಎಂದರಾಯಿತು ಎಂದು ಎಷ್ಟು ಸಲ ಅನ್ನಿಸಿತೋ! ಅಜ್ಜಿಗೇನು ಗೊತ್ತಾಗುತ್ತಿತ್ತು? ಆದರೆ ಮಾರನೆಯ ದಿನ ಅವರು ಬಾಗಿಲು ತೆಗೆದಾಗ ಊಟದ ಮೇಜಿನ ಮೇಲೆ ಉದ್ದನೆಯ ಹೊಸ ಪೆಟ್ಟಿಗೆ ಕಾಣಿಸಿತು. ಅದರ ಮೇಲೆ ಖಾಲಿ ಚೀಟಿ ಅಂಟಿಸಿತ್ತು. ಅಜ್ಜಿ ಕನ್ನಡಕ ಹಾಕಿಕೊಂಡು ಪೆನ್ನು ಹಿಡಿದು ಕೂತರು.

"ಹೆಸರು ಮೊದಲು ಹೇಳು. ವಿಳಾಸ ನಿಧಾನಕ್ಕೆ ಹುಡುಕಿದರಾಯಿತು."

ಹೇಳಿದೆ. ಹುಣಸೆಹಣ್ಣು, ಸ್ಟೀಲ್ ನಾರು, ಕೆಂಪು ನೀರು, ಒಂದೂ ಬಿಡದೆ ಹೇಳಿದೆ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಬಾಯಿಗೆ ಬಂದ ಹಾಗೆ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ದೇವರಿಗೆ ಅಂತ ತಾನೇ ಮಾಡಿದ್ದು ಎಂದು ನನ್ನನ್ನೇ ಸಮಾಧಾನ ಮಾಡಿದರು. ಪೆನ್ನಿನ ಮುಚ್ಚಳ ಹಾಕಿ ಆ ಖಾಲಿ ಚೀಟಿಯ ಪಕ್ಕದಲ್ಲಿಟ್ಟರು. ಆಮೇಲೆ, ಇನ್ನೂ ನನಗೇ ಗೊತ್ತಿರಬೇಕು ಎನ್ನುವ ಹಾಗೆ, ಕೇಳಿದರು:

"ಹಾಗಾದ್ರೆ ನಾನೀಗ ಇದನ್ನ ಯಾರಿಗೆ ಕೊಡಲಿ?"