ಹ್ಯಾಂಡಲ್ಲಿಗೆ ತೂಗಿದ ಹಾಲು

ಮೊನ್ನೆ ಚಿಕ್ಕೋಡಿಯಿಂದ ಸದಲಗಾ ಕಡೆ ಹೊರಟಿದ್ದೆ. ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಂತೆಂದು ಬಸ್ಸಿನ ಚಾಲಕ ಗಕ್ಕನೆ ಬ್ರೇಕ್ ಹಾಕಿದ. ನಿಂತವರೆಲ್ಲ ಒಟ್ಟಿಗೇ ಮುಂದಕ್ಕೆ ಬಾಗಿದೆವು. ನನ್ನ ಮೂಗು ಮುಂದಿನವರ ಟೋಪಿಗೆ ಹೋಗಿ ತಾಗಿತು. ಉಳಿದವರು ಚಾಲಕನನ್ನು ಬೈದರು, ನನಗೆ ನಗು ಬಂತು. ವಿಜ್ಞಾನದ ಮಾಸ್ತರನ ಹಣೆಬರಹ ನೋಡಿ, ಮುಗ್ಗರಿಸಿದರೂ ಪಾಠವೇ ನೆನಪಾಗುತ್ತದೆ.

ಐದಾರು ವರ್ಷಗಳ ಹಿಂದೆ ದೂಧಗಂಗೆಯ ದಂಡೆಯ ಒಂದು ಹಳ್ಳಿಯಲ್ಲಿ ನಾನು ಪಾಠ ಮಾಡುತ್ತಿದ್ದೆ. ಶಾಲೆ ಏಳನೇ ತರಗತಿಗೆ ಮುಗಿಯುತ್ತಿತ್ತು. ಮುಂದಕ್ಕೆ ಸದಲಗಾಕ್ಕೆ ಹೋಗಬೇಕು; ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ, ಸೈಕಲ್ಲೇ ಗತಿ. ಮಕ್ಕಳು ಬೆಳಿಗ್ಗೆ ಡೇರಿಗೆ ಹಾಲು ಹಾಕಿಯೇ ಶಾಲೆಗೆ ಬರುತ್ತಿದ್ದುದರಿಂದ ನನ್ನ ತರಗತಿಯೆಲ್ಲ ಹಸಿ ಹಾಲಿನ ವಾಸನೆ. ಏಳನೆಯ ತರಗತಿಯ ಪದ್ಮಾ ಅದರ ಜೊತೆಗೆ ತರಚಿದ ಮೊಣಕಾಲನ್ನೂ ತರುತ್ತಿದ್ದಳು. ಡೇರಿಯ ಮುಂದೆ ಬ್ರೇಕ್ ಹಿಡಿದಳೆಂದರೆ ಸೈಕಲ್ ಸಮೇತ ಬಿದ್ದಳೆಂದೇ ಲೆಕ್ಕ.

ಅವಳಪ್ಪ ಭರಮಪ್ಪ ಮನಸ್ಸಿಗೆ ಹೊಕ್ಕದ್ದನ್ನು ಸುಲಭಕ್ಕೆ ಬಿಡುವವನಲ್ಲ. "ಡೇರಿತನಾ ಹೋಗಾಕs ಬೀಳ್ತಾಳ್ರೀ ಸರ. ಸದಲಗಾತನಾ ಹೆಂಗ್ ಕಳಸ್ಲಿ? ಏಳನೇತ್ತ ಆತಂದ್ರ ಸಾಕ್, ಮನ್ಯಾಗ ಇರ್ಲಿ" ಎಂದುಬಿಟ್ಟ. ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುತ್ತಿದ್ದ ಹುಡುಗಿ ಅಂದಿನಿಂದ ಕೈ ಎತ್ತುವುದನ್ನೇ ಬಿಟ್ಟಳು. ನನಗೆ ಬಹಳ ಸಂಕಟವಾಯಿತು.

ಆಗ ಬಲ ಮತ್ತು ಚಲನೆಯ ಪಾಠ ನಡೆದಿತ್ತು. ನಾನು ಹಲಗೆಯ ತುಂಬ ಬಾಣ ಬರೆಯುತ್ತಿದ್ದೆ, ಮಕ್ಕಳು ಆಕಳಿಸುತ್ತಿದ್ದರು. ಬಾಣ ಅಳಿಸಿ, "ಪದ್ಮಾ ಯಾಕ ಬೀಳ್ತಾಳ, ಹೇಳ್ರಿ ನೋಡೂಣು" ಎಂದೆ. "ಆಕೀಗೆ ಸೈಕಲ್ ಬರಂಗಿಲ್ರೀ" ಎಂದು ಹಿಂದಿನ ಬೆಂಚು ಕೂಗಿತು. ಪದ್ಮಾ ಕೆರಳಿ ಎದ್ದಳು. "ಕಿಟ್ಲಿ ಇಲ್ದಾಗ ನಾ ಎಂದರ ಬಿದ್ದೀನೇನ್ಲೇ?"

ಕಿಟ್ಲಿಯೆಂದರೆ ಮುಚ್ಚಳವಿರುವ ಹಾಲಿನ ಕ್ಯಾನು. ಅದು ಹ್ಯಾಂಡಲ್ಲಿನ ಒಂದೇ ಬದಿಗೆ ತೂಗುತ್ತಿತ್ತು. ಸೈಕಲ್ ನಿಂತರೂ ಹಾಲಿಗೆ ನಿಲ್ಲುವ ಮನಸ್ಸಿಲ್ಲ. ಕಿಟ್ಲಿ ಮುಂದಕ್ಕೆ ಜೀಕಿ, ಆ ಬದಿಯ ಹ್ಯಾಂಡಲ್ಲನ್ನೂ ಎಳೆದು ತಿರುಗಿಸುತ್ತಿತ್ತು. ಹಿಂದೆ ಕ್ಯಾರಿಯರ್‌ಗೆ ಕಟ್ಟಬಾರದೇಕೆ ಎಂದು ಕೇಳಿದೆ. "ಅಜ್ಜಿ ಬೈತಾಳ್ರಿ ಸರ. ಹಾಲಂದ್ರ ಲಕ್ಷ್ಮಿ, ಬೆನ್ನ ಹಿಂದ ಕಟ್ಟಬಾರದಂತ." ಆ ಊರಿನಲ್ಲಿ ಕ್ಯಾರಿಯರ್ ಏನಿದ್ದರೂ ಮೇವಿಗೆ. ಅಜ್ಜಿಯಂದಿರ ಜೊತೆ ವಾದಕ್ಕಿಳಿಯುವಷ್ಟು ಭೌತಶಾಸ್ತ್ರ ನಾನು ಓದಿರಲಿಲ್ಲ.

ಪದ್ಮಾ ಜಡೆಯ ತುದಿ ಕಚ್ಚುತ್ತ ನಿಂತಳು. ಆಮೇಲೆ, ಎಷ್ಟೋ ದಿನಗಳ ಮೇಲೆ, ಕೈ ಮೇಲೆತ್ತಿದಳು. "ಸರ, ಎರಡ್ ಕಿಟ್ಲಿ ಮಾಡಿ, ಈ ಕಡೆ ಅರ್ಧಾ ಆ ಕಡೆ ಅರ್ಧಾ ಹಾಕಿದ್ರ? ಎರಡೂ ಮುಂದನs ಇರತಾವು."

ಶನಿವಾರ ಭರಮಪ್ಪನನ್ನು ಶಾಲೆಯ ಬಯಲಿಗೆ ಕರೆಸಿದೆ. ಮೊದಲು ತಪ್ಪು ವಿಧಾನ ತೋರಿಸೋಣವೆಂದು, ನೀರು ತುಂಬಿದ ಒಂದೇ ಕಿಟ್ಲಿ ತೂಗುಹಾಕಿ, ಇಸ್ತ್ರಿಯ ಬಿಳಿ ಪ್ಯಾಂಟಿನಲ್ಲಿ ನಾನೇ ಸೈಕಲ್ ಹತ್ತಿದೆ. ತುಸು ಓಲಾಡಿ ನಿಲ್ಲುವ ಯೋಚನೆಯಿತ್ತು. ಬ್ರೇಕ್ ಹಿಡಿದದ್ದಷ್ಟೇ ನೆನಪು. ನಳದ ಕೆಸರಿನಲ್ಲಿ ಕಣ್ಣು ಬಿಟ್ಟಾಗ ಕಿಟ್ಲಿ ನನ್ನ ಎದೆಯ ಮೇಲಿತ್ತು. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಮೊದಲು ನಕ್ಕವನು ಭರಮಪ್ಪ. "ನೀವೂ ಬೀಳ್ತೀರೇನ್ರೀ ಸರ!"

ಆಮೇಲೆ ಪದ್ಮಾ ಎರಡೂ ಬದಿಗೆ ಕಿಟ್ಲಿ ತೂಗಿ, ಬೇವಿನ ಗಿಡದ ಕಡೆಯಿಂದ ಜೋರಾಗಿ ಬಂದು, ಅಪ್ಪನ ಎದುರಿಗೇ ಬ್ರೇಕ್ ಹಿಡಿದಳು. ಎರಡೂ ಒಟ್ಟಿಗೆ ಮುಂದಕ್ಕೆ ಜೀಕಿದವು, ಒಟ್ಟಿಗೆ ಹಿಂದಕ್ಕೆ ಬಂದವು. ಹ್ಯಾಂಡಲ್ ಅಲುಗಲಿಲ್ಲ. ಕಿಟ್ಲಿಗಳು ಸ್ತಬ್ಧವಾಗುವವರೆಗೂ ಭರಮಪ್ಪ ನೋಡುತ್ತ ನಿಂತ. "ಇಷ್ಟs ಇತ್ತೇನವಾ? ನಾ ನಿನಗs ಸೈಕಲ್ ಬರಂಗಿಲ್ಲ ಅಂದ್ಕೊಂಡಿದ್ನಿ" ಎಂದ. ಜೂನ್‌ನಲ್ಲಿ ಅವಳು ಸದಲಗಾದ ಶಾಲೆಗೆ ಸೇರಿದಳು, ಈಗ ಚಿಕ್ಕೋಡಿಯಲ್ಲಿ ಕಾಲೇಜು ಓದುತ್ತಿದ್ದಾಳೆ.

ಮೊನ್ನೆ ಬಸ್ಸಿಳಿದಾಗ ಭರಮಪ್ಪ ಸ್ಟ್ಯಾಂಡಿನಲ್ಲೇ ಸಿಕ್ಕ. ಕಿರಿಯ ಮಗಳು ಏಳನೆಯದು ಮುಗಿಸುತ್ತಿದ್ದಾಳಂತೆ. ಮತ್ತೆ ಒಪ್ಪಿಸಬೇಕಲ್ಲ ಎಂದು ನಾನು ಒಳಗೊಳಗೇ ಮಾತು ಜೋಡಿಸತೊಡಗಿದೆ. ಅವನೇ ಬಾಯಿ ಬಿಟ್ಟ:

"ಸಣ್ಣಾಕಿನೂ ಸದಲಗಾಕ್ಕ ಕಳಸಾಂವ ಅದೀನ್ರಿ ಸರ. ಆದ್ರ ಸೈಕಲ್ ಆಕೀ ಅಕ್ಕನs ಕಲಸ್ಲಿ. ನೀವ್ ಬ್ಯಾಡ್ರಿ."

ನನ್ನ ಮಾಸ್ತರಿಕೆಯನ್ನು ಯಾರೂ ಇಷ್ಟು ಪ್ರೀತಿಯಿಂದ ಬೇಡವೆಂದಿರಲಿಲ್ಲ. ಖುಷಿಯಿಂದ ಒಪ್ಪಿಕೊಂಡೆ.